ಫೋನಿನಲ್ಲಿ ಕೇಳಿದ ವಿಳಾಸ

ಎಷ್ಟು ಮೆತ್ತಗಿತ್ತು ಆ ದನಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಮೇಡಂ, ನಿಮ್ಮ ಪ್ಯಾಕಿಂಗ್‌ನಲ್ಲಿರೋ ಹುಡುಗಿ ನನ್ನ ತಂಗಿ, ಅಮ್ಮನಿಗೆ ಸೀರಿಯಸ್ಸು, ಮನೆ ವಿಳಾಸ ಒಂದು ಕೊಟ್ಟುಬಿಡಿ – ಫ್ಯಾಕ್ಟರಿ ಕಚೇರಿಯಲ್ಲಿ ಫೋನ್ ಹಿಡಿದಿದ್ದ ಗುಮಾಸ್ತೆಯ ಬಾಯಿ ತಾನಾಗಿ ತೆರೆದುಕೊಂಡಿತ್ತು, ಇನ್ನೇನು ಅವರು ಈಗ ಊಟಕ್ಕೆ ಹೋಗಿದ್ದಾರೆ ಅನ್ನಬೇಕು, ಅಯ್ಯೋ, ಅಷ್ಟು ಅಂದರೂ ಇಲ್ಲೇ ಇದ್ದಾಳೆಂದು ಒಪ್ಪಿಕೊಂಡ ಹಾಗಲ್ಲವೇ, ಹನ್ನೊಂದು ವರ್ಷ ಸಿಬ್ಬಂದಿ ಕಡತ ಕಾದವಳಿಗೆ ಇಷ್ಟೂ ಗೊತ್ತಾಗಬೇಡವೇ, 'ಅವರು' ಅನ್ನುವಷ್ಟರಲ್ಲಿ ನಾಲಿಗೆ ಹೊರಳಿಸಿ ಅವರಿವರ ವಿಷಯ ನಾವು ಫೋನಿನಲ್ಲಿ ಹೇಳೋದಿಲ್ಲ ಅಂದಳು, ಸದ್ಯ, ಬಚಾವು. ಅಂಥವರು ಇದ್ದಾರೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ, ನಿಮ್ಮ ನಂಬರು ಕೊಡಿ, ಇದ್ದರೆ ತಲುಪಿಸ್ತೀನಿ. ಆಗ ಮೆತ್ತನೆಯ ದನಿಗೆ ಮುಳ್ಳು ಮೂಡಿತು, ಅಮ್ಮ ಹೋಗಿಬಿಟ್ಟರೆ ಪಾಪ ನಿಮಗೇ ಸುತ್ತಿಕೊಳ್ಳತ್ತೆ. ನಂಬರು ಬರೆದ ಚೀಟಿ ಮಡಚಿಕೊಂಡು ಪ್ಯಾಕಿಂಗ್ ಕಡೆ ನಡೆಯುತ್ತಿದ್ದಾಳೆ, ನಿಜವಾಗಿಯೂ ತಾಯಿ ಸಾಯುತ್ತಿದ್ದರೆ, ಈ ನಿಯಮದ ಹಟದಲ್ಲಿ ಮಗಳಿಗೆ ಕೊನೆಯ ಮುಖವೂ ಸಿಗದೆ ಹೋದರೆ – ಬೀಗಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದರು, ಇನ್ನೇನು, ಇದನ್ನೇ. ಬೀಗಪ್ಪ ಅಂದರೆ ಆಗಿನ ಹೆಡ್ ಕ್ಲಾರ್ಕು, ಬಾಯಿಗೂ ಬೀರುವಿಗೂ ಒಂದೇ ಬೀಗ ಅಂತ ಕೆಲಸದವರೆಲ್ಲ ಇಟ್ಟ ಹೆಸರು, ಅವಳೂ ನಕ್ಕಿದ್ದಳು, ಕೆಲಸಕ್ಕೆ ಸೇರಿದ ಮೊದಲ ವಾರ ತಾನೇ, ಅದೇ ವಾರ ಅವಳು ಬಿಟ್ಟು ಬಂದಿದ್ದ ಗಂಡ ಹಣ್ಣಿನ ಚೀಲ ಹಿಡಿದು ಕೌಂಟರಿಗೆ ಬಂದದ್ದು, ನನ್ನ ಹೆಂಡತಿ ಎಲ್ಲಿರ್ತಾಳೆ ಹೇಳಿ ಸಾರ್, ಇವಳು ಕಡತಗಳ ಕಪಾಟಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು, ಒಂದು ಮಾತು ಸಾಕಿತ್ತು, ಮತ್ತೆ ಅದೇ ಮನೆ, ಅದೇ ಬೆಲ್ಟಿನ ಏಟು. ಲಿಖಿತವಾಗಿ ಕೊಡಿ, ಸಂಬಂಧಪಟ್ಟವರು ಒಪ್ಪಿದರೆ ನೋಡೋಣ ಅಂದರು ಬೀಗಪ್ಪ, ಅವನು ಕೂಗಾಡಿದ, ಕೊನೆಗೆ ಹೋದ. ಅವರು ನೋಂದಣಿ ಪುಸ್ತಕ ತೆರೆದು ಬರೆದರು, ಕೇಳಿದವರು ಗಂಡ, ಕೇಳಿದ್ದು ವಿಳಾಸ, ಕೊಟ್ಟದ್ದು ಏನೂ ಇಲ್ಲ. ಬರೆದು ಪುಸ್ತಕವನ್ನು ಅವಳ ಕಡೆ ತಿರುಗಿಸಿ, ಮುಂದೇನು ಅಂತ ನೀವೇ ಹೇಳಬೇಕಮ್ಮ ಅಂದರು. ನೀವೇ. ಹುಟ್ಟಿದಾಗಿನಿಂದ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ, ಅಪ್ಪ ಕೇಳಲಿಲ್ಲ, ಕಟ್ಟಿಕೊಂಡವನಂತೂ ಕೇಳಲೇ ಇಲ್ಲ, ಅವಳು ಅತ್ತುಬಿಟ್ಟಳೇ ಹೊರತು ಒಂದು ಮಾತು ಉಪಕಾರ ಅನ್ನಲಿಲ್ಲ, ಈಗ ಅವರಿಗೆ ಕಿವಿ ಕೇಳಿಸುವುದಿಲ್ಲ, ಆದರೂ ಭಾನುವಾರ ಅವರ ಮನೆಗೆ ಹೋಗಬೇಕು, ಕಿವಿಯ ಹತ್ತಿರ ಬಾಯಿಟ್ಟು ಕೂಗಿಯಾದರೂ ಹೇಳಬೇಕು, ನಿಮ್ಮಿಂದ ಬದುಕಿದ್ದೀನಿ ಸಾರ್, ಈ ಋಣ ಯಾವ ಜನ್ಮಕ್ಕೂ ತೀರಲ್ಲ ಅಂತ.

ನಾಲ್ಕು ಜನರೆದುರು ಬೇಡವೆಂದು ಹುಡುಗಿಯನ್ನು ಉಗ್ರಾಣದ ಮೂಲೆಗೆ ಕರೆದಳು, ಬಾಗಿಲು ಮುಂದೆ ಮಾಡಿದಳು, ನಿಮ್ಮಣ್ಣ ಅಂತ ಒಬ್ಬರು ಫೋನ್ ಮಾಡಿದ್ರಮ್ಮ, ತಾಯಿಗೆ ಹುಷಾರಿಲ್ಲವಂತೆ, ವಿಳಾಸ ಕೇಳಿದ್ರು, ನಾನೇನೂ ಕೊಟ್ಟಿಲ್ಲ, ಮುಂದೇನು ಅಂತ ನೀವೇ ಹೇಳಿ. ಹುಡುಗಿ ಚೀಟಿ ಬಿಡಿಸಿದಳು, ಓದಿದಳು, ಆ ನಂಬರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು, ಮೆಲ್ಲಗೆ ಅಂದಳು, ಅಕ್ಕಾ, ನನಗೆ ಅಣ್ಣನೇ ಇಲ್ಲ. ದೇವರೇ, ಫೋನಿನಲ್ಲಿ ತಾನು ಇನ್ನೊಂದು ಮಾತು ಆಡಿದ್ದರೆ, ಇನ್ನೊಂದೇ ಒಂದು – ಹೆಬ್ಬೆರಳು ಅಲುಗುತ್ತಿಲ್ಲ, ಉಗುರು ಬೆಳ್ಳಗಾಗಿದೆ, ಅಷ್ಟು ಒತ್ತಿದ್ದಾಳೆ, ಚೀಟಿಯ ಮೇಲೆ ಆ ಬೆಳ್ಳನೆಯ ಉಗುರು.