ಅಂಕಿಗೆ ಹುಟ್ಟಿದ ಡೋಸ್

ಪ್ರಾಣಿಗಳ ಔಷಧಿ ಪರೀಕ್ಷಿಸುವ ಆ ಲ್ಯಾಬಿನಲ್ಲಿ ಲೆಕ್ಕವೆಲ್ಲ ಅವಳದೇ. ಜಾಣೆ, ಆದರೆ ಮೂಗಿನ ತುದಿಯಲ್ಲೇ ಕೋಪ. ಅದು ಅಪ್ಪನಿಂದ ಬಂದದ್ದು. ಬಡಗಿ ಅಪ್ಪ, ಬಾಗಿಲು ಸೊಟ್ಟಗೆ ಕೂತರೆ ಮೊದಲು ಜೊತೆಯವನನ್ನು ಬೈದು, ಆಮೇಲೆ ತನ್ನ ಅಳತೆ ನೋಡಿಕೊಳ್ಳುತ್ತಿದ್ದ.

ಕಂಪ್ಯೂಟರಿನಲ್ಲಿ ಅವಳು ‘ಡೋಸ್’ ಎಂಬ ಹೊಸ ಕ್ಲಾಸ್, ಅಂದರೆ ಲೆಕ್ಕದ ಹೊಸದೊಂದು ಜಾತಿ, ಕಟ್ಟಿದ್ದಳು. ಕೋಡ್ ಬರೆಯುವ ಭಾಷೆಯಲ್ಲಿ ಮೊದಲಿಂದಲೇ ಇರುವ ಅಂಕಿಯೇ ಅದರ ತಂದೆ; ಕೂಡುವುದು ಕಳೆಯುವುದೆಲ್ಲ ಅದರಿಂದಲೇ ಬರುತ್ತದೆ. ಮಿಲಿಗ್ರಾಮೋ ಮೈಕ್ರೋಗ್ರಾಮೋ ಎಂದು ಚೀಟಿ ಅಂಟಿಸಲು ಒಂದು ಜಾಗ, ಅಷ್ಟೇ ಹೊಸದು.

“ಅಕ್ಕಾ, ಚೀಟಿ ಬೇರೆಬೇರೆ ಇದ್ರೆ? ಕೂಡೋ ನಿಯಮ ನಾವೇ ಬರೀಬೇಕಲ್ವಾ?” ಎಂದಳು ಪಕ್ಕದ ಮೇಜಿನ ಕಿರಿಯಳು.

“ಅಂಕಿಗೆ ಹುಟ್ಟಿದ್ದಕ್ಕೆ ಕೂಡೋದು ಹೇಳ್ಕೊಡ್ಬೇಕಾ? ಮೀನಿನ ಮರಿಗೆ ಈಜು ಕಲಿಸೋಕೆ ಹೊರಟ್ಯಲ್ಲೇ!”

ಇಬ್ಬರೂ ನಕ್ಕರು.

ಸಭೆಯ ದಿನ ಒಂದು ಬೆಕ್ಕಿನ ಲೆಕ್ಕ ಪರದೆಗೆ ಬಂತು. ಬೆಳಿಗ್ಗೆ ಎರಡು ಮಿಲಿಗ್ರಾಂ, ಸಂಜೆ ಐನೂರು ಮೈಕ್ರೋಗ್ರಾಂ, ಅಂದರೆ ಅರ್ಧ ಮಿಲಿಗ್ರಾಂ. ಎರಡೂವರೆ ಇರಬೇಕಾದ ಕಡೆ ಐನೂರ ಎರಡು ಮಿಲಿಗ್ರಾಂ!

“ಇಷ್ಟು ಕೊಟ್ಟಿದ್ರೆ ಬೆಕ್ಕು ಉಳೀತಿತ್ತಾ?” ಎಂದರು ದೊಡ್ಡ ಡಾಕ್ಟರು. ಎಲ್ಲರೂ ನಕ್ಕರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಅಂಕಿ ತುಂಬಿದ್ದು ಇವಳು. ಕಣ್ಣು ಬಿಟ್ಕೊಂಡು ಕೆಲಸ ಮಾಡಿದ್ರೆ ತಾನೇ!”

ಕಿರಿಯಳು ತಲೆ ತಗ್ಗಿಸಿದಳು. ಆ ತಿಂಗಳೇ ಬೇರೆ ಕೆಲಸ ನೋಡಿಕೊಂಡು ಹೋದಳು.

ಕಿರಿಯಳಿಲ್ಲದೆ ಮುಂದಿನ ಪರೀಕ್ಷೆಗೆ ಅಂಕಿ ತುಂಬಿದ್ದೂ ಅವಳೇ. ಮತ್ತೆ ಅದೇ ಎಡವಟ್ಟು. ಬೈಯಲು ಪಕ್ಕದಲ್ಲಿ ಯಾರೂ ಇಲ್ಲ, ಹಾಗಾಗಿ ಕೋಡ್ ಬಿಚ್ಚಿ ನೋಡಿದಳು. ತಂದೆಯಿಂದ ಬಂದ ಕೂಡುವ ನಿಯಮಕ್ಕೆ ಅಂಕಿ ಕೂಡುವುದಷ್ಟೇ ಗೊತ್ತು, ಚೀಟಿ ಓದುವುದು ಗೊತ್ತಿಲ್ಲ. ಮೊದಲನೆಯದರ ಚೀಟಿಯನ್ನೇ ಮೊತ್ತಕ್ಕೂ ಅಂಟಿಸಿ, ತುಟಿಪಿಟಕ್ಕೆನ್ನದೆ ಮುಂದೆ ಹೋಗಿತ್ತು. ಚೀಟಿ ಬೇರೆಯಾದರೆ ನಿಲ್ಲು ಎಂಬ ಸ್ವಂತ ನಿಯಮ ಬರೆದಳು. ಒಂದು ಲೋಟ ಕಾಫಿ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಇಷ್ಟಕ್ಕೆ ಆ ಹುಡುಗಿಯನ್ನು ಕಳೆದುಕೊಂಡೆನಲ್ಲ ಎಂದುಕೊಂಡಳು.

ತಪ್ಪು ತನ್ನದೆಂದು ಹೇಳಲೆಂದೇ ಫೋನ್ ಮಾಡಿದಳು. ಬಾಯಿ ಬಿಟ್ಟರೆ ಬಂದದ್ದೇ ಬೇರೆ.

“ಆ ಕೂಡೋ ವಿಷ್ಯ ನೀನು ಆವಾಗ್ಲೇ ಒತ್ತಿ ಹೇಳ್ಬಾರ್ದಿತ್ತಾ?”



“ಹೇಳಿದ್ದೆ ಅಕ್ಕಾ. ನೀವು ನಕ್ರಿ. ಇಡ್ತೀನಿ.”

“ತಪ್ಪು ನಂದೇ ಕಣೇ,” ಎಂದಳು, ಕಟ್ಟಾದ ಫೋನಿಗೆ. ಅಪ್ಪನೂ ಹೀಗೇ, ಜೊತೆಯವನು ಮನೆಗೆ ಹೋದಮೇಲೆ ಬಾಗಿಲ ಮುಂದೆ ನಿಂತು ಹೇಳುತ್ತಿದ್ದ.