ಮನೆಪಟ್ಟಿ ಬೇಡಿದ ಸಕ್ಕುಬಾಯಿ

ನರೋಣಾ ಊರಿನ ಒಲೆಗಳನ್ನು ಎಣಿಸುತ್ತ ಹೊರಟ ಅಬ್ದುಲ್ ಗನಿಗೆ ಬೆಳಿಗ್ಗೆಯಿಂದ ಸೋಜಿಗವೋ ಸೋಜಿಗ. ಹದಿನೆಂಟು ಜನ ಉಣ್ಣುವ ಮನೆ, ಒಂದೇ ಒಲೆ! ಮುಖ ನೋಡದಷ್ಟು ಜಗಳಾಡಿ ಬೇರೆಯಾದ ಅಣ್ಣತಮ್ಮಂದಿರ ಮನೆ, ಅಲ್ಲೂ ಒಂದೇ ಒಲೆ! ಪಕ್ಕದಲ್ಲಿ ಸೆಗಣಿ ಸಾರಿಸಿದ ನೆಲ ಮಾತ್ರ ಇನ್ನೂ ಹಸಿ.

ಆಳಂದ ಕಚೇರಿಯ ಗುಮಾಸ್ತ ಅವನು, ಗುಟ್ಟು ತಿಳಿಯದೆ ಇದ್ದೀತೆ? ಮನೆಯ ಮೇಲಿನ ತೆರಿಗೆಯನ್ನು ಹೊಸ ರೀತಿಯಲ್ಲಿ ಹಾಕಲು ನಿಜಾಮ ಸರಕಾರ ಯೋಚಿಸುತ್ತಿತ್ತು: ಒಲೆಗೊಂದು ಮನೆಪಟ್ಟಿ. ಇನ್ನೂ ಬರೀ ಯೋಚನೆ; ಅದಕ್ಕೇ ಈ ಎಣಿಕೆ. ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿ, ಅರ್ಧ ಒಲೆಗಳು ತಿಪ್ಪೆ ಸೇರಿದ್ದವು. ಭಲೇ ಜನವಪ್ಪಾ!

ಭೀಮಶಾನ ಮನೆಯಲ್ಲಿ ಮಾತ್ರ ಹಿಂದಿನ ಕೋಣೆಯಿಂದಲೂ ಹೊಗೆ ಬರುತ್ತಿತ್ತು. ಗನಿ ಅತ್ತ ನಡೆದ.

“ಅಲ್ಲೇನಿಲ್ಲ ಬಿಡ್ರಿ ಸಾಹೇಬ್ರ,” ಭೀಮಶಾ ಅಡ್ಡ ಬಂದ. “ನಮ್ಮ ವೈನಿ. ಅಣ್ಣ ಸತ್ತ ಮ್ಯಾಲ ಆಕಿ ತಲಿ ಸುದ್ದ ಇಲ್ಲ.”

ಸಕ್ಕುಬಾಯಿ ಹಿಟ್ಟಿನ ಕೈಯಲ್ಲೇ ಹೊರಬಂದಳು. “ನಂದೂ ಒಂದು ಒಲಿ ಅದರಿ. ಬರ್ಕೋರಿ.”

ಹನ್ನೆರಡು ವರ್ಷದ ನೌಕರಿಯಲ್ಲಿ ತೆರಿಗೆಯನ್ನು ಬೇಡಿ ಪಡೆಯುವವರನ್ನು ಗನಿ ಕಂಡಿರಲಿಲ್ಲ. “ಬರದ್ರ ವರ್ಷಾ ರೊಕ್ಕ ಕಟ್ಟಬೇಕಾಗ್ತದಕ್ಕಾ. ಯಾಕ ಬೇಕು ನಿಮಗ?”

“ಕ್ವಾಣಿ ಖಾಲಿ ಮಾಡು, ಎತ್ತು ಕಟ್ತೇನಿ ಅಂತ ಈ ಮೈದುನ ದಿನಾ ಜೀವಾ ತಿನ್ನಾಕತ್ಯಾನ್ರಿ. ಸರಕಾರದ ಬುಕ್ಕಿನಾಗ ನನ್ನ ಹೆಸರು ಬಂತಂದ್ರ ಹೆಂಗ ಹೊರಗ ಹಾಕ್ತಾನ ನೋಡೇಬಿಡ್ತೇನಿ!”

ಭೀಮಶಾನ ಮುಖ ಸುಟ್ಟ ಬದನೆಕಾಯಿಯಂತಾಯಿತು. “ಸುಳ್ಳರಿ! ನಮ್ಮ ಒಲಿ ಮ್ಯಾಲೇ ಉಣ್ತಾಳ್ರಿ!”

ಗನಿ ಬಗ್ಗಿ ಕೋಣೆಯೊಳಗೆ ನೋಡಿದ. ಹಂಚಿನ ಮೇಲೆ ಒಂದೇ ರೊಟ್ಟಿ. ಒಲೆಯ ಮಣ್ಣು ವರ್ಷಗಟ್ಟಲೆ ಉರಿದು ಕರ್ರಗಾಗಿತ್ತು. ಅವನು ಅಲ್ಲೇ ಕುಳಿತು ಅವಳ ಹೆಸರು ಬರೆದ. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದಳು ಪುಣ್ಯಾತ್ಗಿತ್ತಿ.

ಆರು ತಿಂಗಳಿಗೆ ಸರಕಾರ ಆ ಯೋಚನೆಯನ್ನೇ ಕೈಬಿಟ್ಟಿತು. ಗನಿ ಬಂದು ಸುದ್ದಿ ಹೇಳಿದಾಗ ಊರು ಹಿಗ್ಗಿತು. ಹೆಂಗಸರು ಹೊಸ ಒಲೆಗೆ ಮಣ್ಣು ಕಲಸತೊಡಗಿದರು. ಸಕ್ಕುಬಾಯಿ ಮಾತ್ರ ಗೋಡೆ ಹಿಡಿದು ನಿಂತಳು.

“ಅಂದ್ರ, ನನ್ನ ಹೆಸರು ಅಳಿಸಿಬಿಟ್ರೇನ್ರಿ?”

ಆ ಪುಸ್ತಕ ಕಚೇರಿಯಲ್ಲಿದೆಯೋ, ರದ್ದಿಗೆ ಹೋಯಿತೋ, ಗನಿಗೇ ಗೊತ್ತಿರಲಿಲ್ಲ. ಭೀಮಶಾ ಬೇರೆ ಹಿಂದೆಯೇ ನಿಂತು ಕಿವಿಗೊಟ್ಟಿದ್ದ.

“ಇಲ್ಲಕ್ಕಾ,” ಎಂದ ಗನಿ, ಭೀಮಶಾನಿಗೂ ಕೇಳುವಷ್ಟು ಗಟ್ಟಿಯಾಗಿ. “ಸರಕಾರ ಒಮ್ಮಿ ಬರದದ್ದು ಅಳಸಂಗಿಲ್ಲ.”