ಮಣಿಕಟ್ಟಿನ ಗಾಯ

“ಏ ಕುಡುಕನ ಹೆಂಡ್ತಿ, ಹೆಬ್ಬೆಟ್ಟು ಒತ್ತು. ನಿನ್ನ ಗಂಡ ಸತ್ತ ಮೇಲೂ ನಮ್ಮ ಪ್ರಾಣ ತಿಂತಿದಾನೆ.”

ಆಸ್ಪತ್ರೆಯ ಅಧಿಕಾರಿ ಶಾಯಿಯ ಡಬ್ಬಿಯನ್ನು ಮುಂದಕ್ಕೆ ನೂಕಿದ. ಅತ್ತಿಗೆ ಕೈ ಚಾಚಲಿಲ್ಲ. ಕಾಗದದಲ್ಲಿ ಏನಿದೆ ಎಂದು ಕೇಳಿದಳು. ಪಕ್ಕದಲ್ಲಿ ನಿಂತಿದ್ದ ಗುತ್ತಿಗೆದಾರ ಓದಿ ಹೇಳಿದ: ಅಣ್ಣ ಕುಡಿದು ಗಾಡಿಯಿಂದ ಬಿದ್ದನು, ಅವನಿಗೆ ನಾಯಿ ಕಚ್ಚಿರಲಿಲ್ಲ.

ಅಣ್ಣನೂ ನಾನೂ ಆ ಗುತ್ತಿಗೆದಾರನ ಕೈಕೆಳಗೆ ಬೀದಿನಾಯಿ ಹಿಡಿಯುವವರು. ಕಚ್ಚಿಸಿಕೊಂಡವನಿಗೆ ಅವನು ಸೂಜಿ ಹಾಕಿಸುವುದಿಲ್ಲ; ಮರುದಿನ ಗಾಡಿಯನ್ನೂ ಹತ್ತಿಸುವುದಿಲ್ಲ. ಆದ್ದರಿಂದ ಯಾರು ಕೇಳಿದರೂ ನಾಯಿ ಹಿಡಿಯುವ ಕುಣಿಕೆಯ ‘ತಂತಿ ತಗುಲಿದ್ದು’ ಎನ್ನುವುದು ನಮ್ಮ ಹನ್ನೊಂದು ಜನರ ರೂಢಿ. ಮನೆಯ ಹೆಂಗಸರಿಗೂ ಅದನ್ನೇ ಹೇಳುತ್ತಿದ್ದೆವು.

ಅಣ್ಣ ಬಿದ್ದು ಇಪ್ಪತ್ತಾರು ದಿನಗಳಾಗಿದ್ದವು. ಮಿದುಳು ಸತ್ತಿದೆ, ಅಂಗಗಳನ್ನು ಕೊಟ್ಟರೆ ಮೂವರು ಬದುಕುತ್ತಾರೆ ಎಂದು ಅಂದು ಡಾಕ್ಟರು ಹೇಳಿದರು. ಅತ್ತಿಗೆ ಒಪ್ಪಿದಳು. ಬೀಳುವ ಮೊದಲು ಎರಡು ದಿನ ಅವನ ಗಂಟಲಲ್ಲಿ ನೀರು ಇಳಿಯುತ್ತಿರಲಿಲ್ಲವೆಂದೂ ಹೇಳಿದಳು. ಈ ಅಧಿಕಾರಿ ‘ಕುಡುಕ’ ಎಂದಷ್ಟೇ ಬರೆದುಕೊಂಡ. ಅಣ್ಣನ ಮಣಿಕಟ್ಟಿನ ಹಳೆಯ ಗಾಯ ಏನೆಂದು ನನ್ನನ್ನು ಕೇಳಿದಾಗ ಗುತ್ತಿಗೆದಾರ ಪಕ್ಕದಲ್ಲೇ ಇದ್ದ. ತಂತಿ ತಗುಲಿದ್ದು ಎಂದೆ.

ಅಣ್ಣನ ಲಿವರ್ ಪಡೆದವನು ಮೊನ್ನೆ ಸತ್ತ. ನೀರಿನ ಲೋಟ ಕಂಡರೆ ಅರಚುತ್ತಿದ್ದನಂತೆ. ಕಿಡ್ನಿ ಪಡೆದ ಇಬ್ಬರು ಮೇಲಿನ ಮಹಡಿಯಲ್ಲಿದ್ದರು. ಅವರಿಗೆ ಇನ್ನೂ ಏನೂ ಆಗಿರಲಿಲ್ಲ. ಇವತ್ತೇ ಹುಚ್ಚುನಾಯಿಯ ಸೂಜಿ ಹಾಕಿದರೆ ಉಳಿಯಬಹುದು ಎಂದು ನರ್ಸಮ್ಮ ನಮ್ಮ ಕಿವಿಯಲ್ಲಿ ಹೇಳಿದ್ದಳು. ಹೆಬ್ಬೆಟ್ಟು ಬಿದ್ದರೆ ಸೂಜಿ ಹಾಕಲು ಕಾರಣವೇ ಇರುವುದಿಲ್ಲ.

“ನೀರೇ ಇಳೀತಿರ್ಲಿಲ್ಲ ಸ್ವಾಮಿ, ಹೆಂಡ ಹೆಂಗೆ ಇಳಿಯುತ್ತೆ?” ಎಂದ ಅತ್ತಿಗೆ ನನ್ನ ಕಡೆ ತಿರುಗಿದಳು. “ನೀನು ಜೊತೆಗಿದ್ದೆ. ಕಚ್ಚಿತ್ತೇನೋ?”

ಗುತ್ತಿಗೆದಾರ ನನ್ನ ಹೆಗಲ ಮೇಲೆ ಕೈಯಿಟ್ಟ.

“ನಾಳೆ ಗಾಡಿ ಹತ್ತೋದು ಬೇಡ್ವೇನೋ ಬೋಳಿಮಗನೇ? ತಂತಿ ತಾನೇ?”

“ತಂತಿಯಲ್ಲ. ಕಚ್ಚಿತ್ತು ಅತ್ತಿಗೆ. ನಾನೇ ಬಟ್ಟೆ ಕಟ್ಟಿದ್ದೆ.”

ಅತ್ತಿಗೆ ನನ್ನ ಕೆನ್ನೆಗೆ ಹೊಡೆದಳು. ಆಮೇಲೆ ಕಾಗದವನ್ನು ನಾಲ್ಕು ತುಂಡು ಮಾಡಿ, ಮೇಲೆ ನಡಿ ಎಂದಳು.

ಮಹಡಿಯ ಕಾವಲಿನವನು ಅವಳನ್ನು ತಡೆದ. ಆ ಸಂದಿಯಲ್ಲಿ ನಾನು ನುಗ್ಗಿದೆ. ನರ್ಸಮ್ಮ ಹೇಳಿದ್ದ ಮೊದಲ ಕೋಣೆಯ ಮಂಚದ ಮೇಲೆ ಕನ್ನಡಕ ಹಾಕಿದ ಹೆಂಗಸೊಬ್ಬಳು ಕುಳಿತಿದ್ದಳು. ಪಕ್ಕದಲ್ಲಿದ್ದ ಮಗ ಮೂಗು ಮುಚ್ಚಿಕೊಂಡು, ಈ ಹೊಲಸನ್ನು ಒಳಗೆ ಬಿಟ್ಟವರು ಯಾರು ಎಂದ.

“ನಿಮ್ಮಮ್ಮನ ಒಳಗಿರೋದು ನಮ್ಮಣ್ಣನ ಕಿಡ್ನಿ. ಅವನಿಗೆ ನಾಯಿ ಕಚ್ಚಿತ್ತು. ನಾನು ಸುಳ್ಳು ಹೇಳಿದ್ದೆ.”

ಅವನು ನನ್ನ ಕಾಲರ್ ಹಿಡಿದು ಗೋಡೆಗೆ ಒತ್ತಿದ. ಅಷ್ಟರಲ್ಲಿ ಅಧಿಕಾರಿ ಬಾಗಿಲಿಗೆ ಬಂದು, ಇವನಿಗೆ ತಲೆ ಕೆಟ್ಟಿದೆ, ಬಿಡಿ, ಹೊರಗೆ ಹಾಕಿಸುತ್ತೇನೆ ಎಂದ. ಹಿಡಿತ ಸಡಿಲವಾಯಿತು. ನಾನು ಆ ಮಗನ ಕೈಯನ್ನು ಎರಡೂ ಕೈಗಳಿಂದ ನನ್ನ ಕಾಲರಿಗೇ ಒತ್ತಿ ಹಿಡಿದೆ.

“ಬಿಡಬೇಡ. ಹಿಂಗೇ ಡಾಕ್ಟರ ಹತ್ರ ಎಳ್ಕೊಂಡು ಹೋಗು. ದಾರೀಲಿ ಆ ಇನ್ನೊಬ್ಬರ ಬಾಗಿಲನ್ನೂ ಒದಿ.”